ಚೀಟಿಯಿಲ್ಲದ ಕೇಬಲ್

ಮೊದಲ ಸಲ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರನ್ನು ಕಂಡರೆ ನನಗೆ ಆಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಅಂಗಡಿಯ ಹಿಂದಿನ ಮೇಜಿನಲ್ಲಿ ಕೂತು ಕಂಪ್ಯೂಟರ್ ಬಿಚ್ಚಿ ಕಟ್ಟುತ್ತಿದ್ದೇನೆ. ಇಂಥವರಲ್ಲಿ ಒಬ್ಬನಾದರೂ ಬಾಯಿ ಮುಚ್ಚಿಕೊಂಡು ಬಂದದ್ದಿಲ್ಲ. ನಾಲ್ಕು ವೀಡಿಯೊ ನೋಡಿರುತ್ತಾರೆ, ಅಷ್ಟಕ್ಕೇ ನನಗೆ ಪಾಠ ಹೇಳಲು ಬರುತ್ತಾರೆ. ಒಬ್ಬನಿಗೆ ಕೇಬಲ್ಲೆಲ್ಲ ಬಿಳಿಯವೇ ಆಗಬೇಕು. ಇನ್ನೊಬ್ಬನಿಗೆ ಫ್ಯಾನಿನೊಳಗೆ ನೀಲಿ ದೀಪ ಉರಿಯಬೇಕು. ಯಂತ್ರ ಇನ್ನೂ ಪೆಟ್ಟಿಗೆಯಲ್ಲೇ ಇರುತ್ತದೆ, ಇವರು ಅದಕ್ಕೆ ಒಡವೆ ಹುಡುಕುತ್ತಿರುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜನ.

ಇವರೆಲ್ಲರಿಗಿಂತ ಹೆಚ್ಚು ನನ್ನ ತಲೆ ತಿಂದವನು ಒಬ್ಬ ಬಸ್ ಡ್ರೈವರು. ಚಿಕ್ಕ ಹುಡುಗನಲ್ಲ, ಐವತ್ತಾರು ದಾಟಿದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ರಟ್ಟಿಗೆ ಕ್ಲಿಪ್ಪು ಹಾಕಿದ ಒಂದು ಪಟ್ಟಿ. ಪಟ್ಟಿಯಲ್ಲಿ ಹದಿನಾಲ್ಕು ಬಾಬತ್ತು, ಎಲ್ಲವಕ್ಕೂ ಸಂಖ್ಯೆ, ಕೆಲವಕ್ಕೆ ಅಡಿಗೆರೆ.

ಅವನ ಕಥೆಯನ್ನು ಅವನೇ ಹೇಳಿದ. ನಾನು ಕೇಳಿರಲಿಲ್ಲ. ನಂಬರ್ ಹದಿನೇಳರ ಬಸ್ಸನ್ನು ಇಪ್ಪತ್ತಾರು ವರ್ಷ ಓಡಿಸಿದವನಂತೆ. ಒಂದೇ ಹಾದಿ, ನಲವತ್ತೊಂದು ನಿಲ್ದಾಣ. ಎರಡು ವರ್ಷದ ಹಿಂದೆ ಒಂದು ದಿನ ಎಡಗಡೆಯಿಂದ ಬಂದ ಸೈಕಲ್ಲು ಅವನ ಕಣ್ಣಿಗೆ ಬೀಳಲಿಲ್ಲ. ಏನೂ ಆಗಲಿಲ್ಲ, ಕೂದಲೆಳೆಯಲ್ಲಿ ತಪ್ಪಿತು. ನೋಡಿದವರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಈ ಮಹಾನುಭಾವ ಬಸ್ಸು ತಂದು ಡಿಪೋದಲ್ಲಿ ನಿಲ್ಲಿಸಿ, ಅಲ್ಲಿನ ಪುಸ್ತಕದಲ್ಲಿ ‘ನನಗೆ ಎಡಗಣ್ಣು ಸರಿಯಾಗಿ ಕಾಣುತ್ತಿಲ್ಲ’ ಎಂದು ತಾನೇ ಬರೆದು ಸಹಿ ಹಾಕಿ ಮನೆಗೆ ಹೋದ. ಮರುದಿನವೇ ಡ್ರೈವರ್ ಕೆಲಸ ಕೈತಪ್ಪಿತು. ಈಗ ಅದೇ ಡಿಪೋದ ಸಾಮಾನು ಕೋಣೆಯಲ್ಲಿ ನಟ್ಟು ಬೋಲ್ಟು ಆರಿಸಿ ಕೊಡುವ ಕೆಲಸ.

ಬುದ್ಧಿಯಿದ್ದವನು ಮಾಡುವ ಕೆಲಸವೇ ಇದು? ನಾನು ಕೇಳಿಯೇಬಿಟ್ಟೆ.

“ಅಲ್ರೀ, ನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ರೆ ಡ್ರೈವರಾಗೇ ರಿಟೈರ್ ಆಗ್ತಿದ್ರಲ್ಲ?”

“ಯಾರಾದ್ರೂ ಅಡ್ಡ ಬಂದಿದ್ರೆ ಸಾರ್?”

“ಬಂದಿಲ್ವಲ್ಲ.”

“ಬರೋವರ್ಗೂ ಕಾಯೋಕಾಗುತ್ತಾ?”

ಇಂಥವರ ಜೊತೆ ಏನು ವಾದ ಮಾಡುತ್ತೀರಿ? ಪೆದ್ದ ಎಂದು ಮನಸ್ಸಿನಲ್ಲೇ ಬರೆದುಕೊಂಡೆ.

ಬಸ್ಸು ಕೈತಪ್ಪಿದ ಮೇಲೆ ಅವನಿಗೆ ಬಸ್ ಓಡಿಸುವ ಕಂಪ್ಯೂಟರ್ ಆಟದ ಹುಚ್ಚು ಹತ್ತಿತ್ತು. ಆ ಆಟದಲ್ಲಿ ನಮಗೆ ಬೇಕಾದ ರಸ್ತೆಯನ್ನು ನಾವೇ ಕಟ್ಟಿಕೊಳ್ಳಬಹುದು. ಎರಡು ವರ್ಷ ಕೂತು, ಹದಿನೇಳರ ಹಾದಿಯನ್ನು ಅವನು ಹಾಗೇ ಕಟ್ಟಿದ್ದ. ನಲವತ್ತೊಂದು ನಿಲ್ದಾಣ, ಪ್ರತಿ ತಿರುವು, ಪ್ರತಿ ಮರ, ಒಂಬತ್ತನೇ ನಿಲ್ದಾಣದ ಮುರಿದ ಬೆಂಚು ಸಹ. ಮನೆಯ ಹಳೇ ಕಂಪ್ಯೂಟರಿಗೆ ಅಷ್ಟನ್ನು ಎಳೆಯುವ ತಾಕತ್ತಿರಲಿಲ್ಲ. ಹನ್ನೆರಡನೇ ನಿಲ್ದಾಣಕ್ಕೆ ಬಂದರೆ ನಿಂತೇ ಹೋಗುತ್ತಿತ್ತು. ತಾನು ಕಟ್ಟಿದ ಹಾದಿಯಲ್ಲಿ ಕೊನೆಯ ನಿಲ್ದಾಣದವರೆಗೆ ಒಮ್ಮೆಯಾದರೂ ಹೋಗಬೇಕು, ಅದಕ್ಕೇ ಹೊಸ ಕಂಪ್ಯೂಟರು. ಹಾದಿ ಇದ್ದದ್ದು ಹಳೇ ಹಾರ್ಡ್ ಡಿಸ್ಕಿನಲ್ಲಿ. ಆ ಡಿಸ್ಕನ್ನು ಹಸುಗೂಸಿನ ಹಾಗೆ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ.

ನಿಜವಾದ ಬಸ್ಸು ಓಡಿಸಲಾಗದವನಿಗೆ ಆಟದ ಬಸ್ಸಂತೆ! ನಾನು ಪಟ್ಟಿ ಕಸಿದುಕೊಂಡು ಕೆಂಪು ಪೆನ್ನು ತೆಗೆದೆ.

ನಮ್ಮ ಅಂಗಡಿಯ ಯಜಮಾನ ಇದ್ದಿದ್ದರೆ ಹದಿನಾಲ್ಕರ ಜೊತೆ ಇನ್ನಾರು ಸೇರಿಸಿ ಮಾರುತ್ತಿದ್ದ. ನನಗೆ ಮಾರುವುದಕ್ಕಿಂತ ಎದುರಿಗಿದ್ದವನ ಬಾಯಿ ಮುಚ್ಚಿಸುವುದೇ ಮುಖ್ಯ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಬೆಲ್ಟೊಂದನ್ನು ಬರೆದಿದ್ದ, ಮೈಯ ಕರೆಂಟು ಬಿಡಿಭಾಗಗಳಿಗೆ ತಾಗದಿರಲೆಂದು. ಗೀಟು. ಎರಡು ಫ್ಯಾನಿಗೆ ಒಂದೇ ಕಡೆಯಿಂದ ಕರೆಂಟು ಕೊಡುವ ಕವಲು ಕೇಬಲ್. ಗೀಟು. ಮಾನಿಟರಿಗೆ ಇನ್ನೊಂದು ಕೇಬಲ್, ಅದು ಪೆಟ್ಟಿಗೆಯಲ್ಲೇ ಬರುತ್ತದೆ ಮಾರಾಯ, ಗೀಟು. ನಾಲ್ಕನೆಯದು, ಹಳೇ ಡಿಸ್ಕನ್ನು ಹೊರಗಿನಿಂದ ಜೋಡಿಸಿ ಮೊದಲು ಒಂದು ನಕಲು ತೆಗೆದಿಡುವ ಕೇಬಲ್.

“ಡಿಸ್ಕನ್ನೇ ಹೊಸ ಕಂಪ್ಯೂಟರ್ ಒಳಗೆ ಕೂರಿಸ್ತೀವಿ. ನಕಲು ಯಾತಕ್ಕೆ? ಒಂದು ಮಧ್ಯಾಹ್ನ ದಂಡ.” ಗೀಟು.

ಹನ್ನೊಂದನೆಯದಕ್ಕೆ ಎರಡು ಅಡಿಗೆರೆ ಇತ್ತು: ‘ಡಿಸ್ಕಿಗೆ ಕರೆಂಟು ಕೊಡುವ ಉದ್ದ ಕೇಬಲ್. ಕರೆಂಟು ಹಂಚುವ ಪವರ್ ಸಪ್ಲೈ ಪೆಟ್ಟಿಗೆ ಯಾವ ಕಂಪನಿ, ಯಾವ ಮಾದರಿಯೋ, ಅದರದ್ದೇ ಆಗಬೇಕು.’ ನಾನು ನಕ್ಕೆ. ಮೇಜಿನ ಕೆಳಗಿದ್ದ ತಗಡಿನ ಡಬ್ಬಿಯನ್ನು ಕಾಲಿನಿಂದಲೇ ಅವನ ಮುಂದಕ್ಕೆ ತಳ್ಳಿದೆ. ಇಪ್ಪತ್ತು ವರ್ಷದಲ್ಲಿ ಉಳಿದ ಕೇಬಲ್ಲುಗಳು ಅದರಲ್ಲಿ ಗಂಟುಗಂಟಾಗಿ ಬಿದ್ದಿದ್ದವು.

“ಇಲ್ಲಿ ನೋಡ್ರೀ, ನಿಮ್ಮೂರಿಗೇ ಸಾಲೋವಷ್ಟಿದೆ. ಕೇಬಲ್‌ಗೆ ಕಂಪನಿ ಯಾವ್ದಾದ್ರೇನು?”

“ಅಲ್ಲ ಸಾರ್, ಎಲ್ಲೋ ಓದ್ದೆ...”

“ಓದ್ದೋರು ನೀವು, ಮಾಡ್ದೋನು ನಾನು.” ಗೀಟು.

ಅವನು ಪಟ್ಟಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. ಅದೂ ನನಗೆ ಹೇಸಿಗೆಯೇ ಆಯಿತು. ಸರಿಯೆನಿಸಿದ್ದಕ್ಕೆ ನಿಂತು ಜಗಳವಾಡಲೂ ಬಾರದವನು.

ಮಾರನೇ ದಿನ ರಜೆ ಹಾಕಿ ಬಂದ. ಮೊದಲ ಕಂಪ್ಯೂಟರು, ತನ್ನ ಕೈಯಿಂದಲೇ ಜೋಡಿಸಬೇಕಂತೆ. ಸ್ಟೂಲು ಕೊಟ್ಟೆ. ಒಂದೊಂದು ಕೇಬಲ್ ಸಿಕ್ಕಿಸಿದಾಗಲೂ ಜೇಬಿನಿಂದ ಒಂದು ಪುಟ್ಟ ಚೀಟಿ ತೆಗೆದು, ದಾರ ಪೋಣಿಸಿ, ಹೆಸರು ಬರೆದು ಕಟ್ಟುತ್ತಿದ್ದ. ಡಿಪೋದಲ್ಲಿ ಎಲ್ಲ ಡಬ್ಬಿಗೂ ಹೀಗೇ ಕಟ್ಟುವುದಂತೆ. ಚೀಟಿಯಿಲ್ಲದ ಸಾಮಾನನ್ನು ಬಸ್ಸಿಗೆ ಹಾಕುವ ಹಾಗಿಲ್ಲವಂತೆ. ಅರ್ಧ ಗಂಟೆಯ ಕೆಲಸಕ್ಕೆ ಮೂರು ಗಂಟೆ ಹಿಡಿಯಿತು. ನಾನು ಹಲ್ಲು ಕಡಿಯುತ್ತ ಕೂತಿದ್ದೆ.

ಕೊನೆಗೆ ಉಳಿದದ್ದು ಹಳೇ ಡಿಸ್ಕು. ಪವರ್ ಸಪ್ಲೈ ಜೊತೆ ಬಂದಿದ್ದ ಕೇಬಲ್ ಒಂದು ಗೇಣು ಗಿಡ್ಡವಾಯಿತು. ಅವನು ನನ್ನ ಮುಖ ನೋಡಿ, “ಹನ್ನೊಂದನೇದು...” ಎಂದ.

ಮೈಯೆಲ್ಲ ಉರಿದುಹೋಯಿತು. ಡಬ್ಬಿಗೆ ಕೈ ಹಾಕಿ ಉದ್ದನೆಯದೊಂದನ್ನು ಎಳೆದು ಅವನ ಕೈಗೆ ಕೊಟ್ಟೆ.

“ಇದು ಅದೇ ಕಂಪನೀದಾ ಸಾರ್?”

“ಕೇಬಲ್ ಬಾಯಿ ನೋಡ್ರೀ. ಕೂರುತ್ತೆ ತಾನೆ? ಕೂತ್ಮೇಲೆ ಮುಗೀತು. ಚುಚ್ಚಿ.”

“ಚೀಟೀಲಿ ಏನಂತ ಬರೀಲಿ?”

“ಏನೂ ಬೇಡ! ಚುಚ್ಚಿ ಅಂದ್ನಲ್ಲ.”

ಚುಚ್ಚಿದ. ಟಕ್ಕೆಂದು ಸರಿಯಾಗಿ ಕೂತಿತು. ಸ್ವಿಚ್ಚು ಒತ್ತಿದ. ಫ್ಯಾನುಗಳು ತಿರುಗಿದವು, ಅವನ ಮುಖ ಅರಳಿತು, ಮರುಕ್ಷಣವೇ ಡಿಸ್ಕಿನಿಂದ ಚಿಟ್ ಎಂದು ಸದ್ದು ಬಂತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಅಂಗಡಿಯ ಮುಂಬಾಗಿಲಿನವರೆಗೂ ಹೋಯಿತು.

ಆ ವಾಸನೆ ಮೂಗಿಗೆ ಬಿದ್ದಾಗಲೇ ನನಗೆ ಗೊತ್ತಾಯಿತು. ಹಿಂದಿನ ಪವರ್ ಸಪ್ಲೈಗಳಲ್ಲಿ ತಂತಿ ಒಳಗಿನಿಂದಲೇ ಬೆಸೆದುಕೊಂಡು ಬರುತ್ತಿತ್ತು, ಅದಲುಬದಲಾಗುವ ಪ್ರಶ್ನೆಯೇ ಇರಲಿಲ್ಲ. ಈಗಿನವು ಹಾಗಲ್ಲ. ಎರಡೂ ಕಡೆ ಬಿಚ್ಚಿ ಸಿಕ್ಕಿಸುವಂಥವು. ಬಾಯಿ ಒಂದೇ ಥರ ಇರುತ್ತದೆ, ಒಳಗೆ ಯಾವ ತಂತಿಯಲ್ಲಿ ಎಷ್ಟು ಕರೆಂಟು ಎಂಬುದು ಕಂಪನಿಗೊಂದು ರೀತಿ. ಐದು ವೋಲ್ಟು ಹೋಗಬೇಕಾದ ಕಡೆ ಹನ್ನೆರಡು ಹೋಗಿತ್ತು. ಇದು ಹೊಸಬರು ಮಾಡುವ ತಪ್ಪಲ್ಲ, ಹೊಸಬರು ಹೆದರಿ ಓದಿಕೊಂಡು ಬರುತ್ತಾರೆ. ಡಬ್ಬಿ ತುಂಬ ಕೇಬಲ್ ಇಟ್ಟುಕೊಂಡ ನನ್ನಂಥ ಹಳೇ ಹುಲಿಗಳೇ ಮಾಡುವುದು.

ಡ್ರೈವರು ಸ್ಟೂಲಿನಿಂದ ಎದ್ದಿರಲಿಲ್ಲ. ಮೆಲ್ಲಗೆ ಕೇಳಿದ:

“ನಾನೇನಾದ್ರೂ ತಿರುಗಾಮುರುಗಾ ಚುಚ್ಚಿದ್ನಾ ಸಾರ್? ಆ ತೂತು ಎಡಗಡೆ ಇತ್ತು.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದಕ್ಕಿಂತ ಕಡೆ.

“ನೋಡ್ಕೊಂಡು ಚುಚ್ಬೇಕಿತ್ತಲ್ವಾ,” ಎಂದೆ.

ಅವನು ತಲೆಯಾಡಿಸಿದ. ಸತ್ತ ಡಿಸ್ಕನ್ನು ನನ್ನ ಮೇಜಿನ ಮೇಲೆ ಬಿಟ್ಟು, ಹೊಸ ಕಂಪ್ಯೂಟರನ್ನು ಆಟೋಗೆ ಹೊರಿಸಿಕೊಂಡು, “ನಿಮಗೆ ತೊಂದ್ರೆ ಕೊಟ್ಟೆ ಸಾರ್” ಎಂದು ಹೇಳಿ ಹೋದ. ಮೇಲಿನ ಬೋರ್ಡು ಸುಟ್ಟಿದ್ದರೂ ಒಳಗಿನದು ಉಳಿದಿರಬಹುದೆಂದು, ನಾನು ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡು ಬಿಚ್ಚಿ ಹಾಕಿ ನೋಡಿದೆ. ಒಳಗಿನದೂ ಹೋಗಿತ್ತು. ನಲವತ್ತೊಂದು ನಿಲ್ದಾಣಗಳಲ್ಲಿ ಒಂದೂ ಉಳಿದಿರಲಿಲ್ಲ.

ಆರು ದಿನ ನಾನು ಚೆನ್ನಾಗಿಯೇ ಉಂಡೆ, ಮಲಗಿದೆ. ಹೋದರೆ ಆಟದ ಬಸ್ಸು ತಾನೆ ಅಂದುಕೊಂಡೆ.

ಏಳನೆಯ ದಿನ ಅವನ ಹೆಂಡತಿ ಬಂದರು. ಹೊಲಿಗೆ ಕೆಲಸದವರು, ಅಳತೆಯ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು. ಕೂರಿ ಎಂದರೂ ಕೂರಲಿಲ್ಲ.

“ನೋಡಪ್ಪಾ, ನಿನ್ನನ್ನ ಒಂದೇ ಒಂದು ಮಾತು ಕೇಳೋಕೆ ಬಂದಿದೀನಿ. ಅವತ್ತು ಆ ಡಿಸ್ಕು ಸುಟ್ಟಿದ್ದು ಇವರ ಕಣ್ಣಿಂದಾನಾ?”

“ಯಾಕಕ್ಕಾ?”

“ಯಾಕೆ ಅಂತ ಕೇಳ್ತೀಯ? ರಸ್ತೆ ದಾಟೋಕೆ ನನ್ನ ಕೈ ಹಿಡ್ಕೋತಾರೆ. ಮೆಟ್ಟಿಲಿಳಿಯೋಕೆ ಗೋಡೆ ತಡವ್ತಾರೆ. ಕೆಲಸಕ್ಕೆ ಹೋಗಿಲ್ಲ. ಬಲಗಣ್ಣೂ ಕೈಕೊಟ್ಟಿದೆ, ತಪ್ಪು ಬೋಲ್ಟು ಕೊಟ್ಟುಬಿಟ್ರೆ ಯಾರದೋ ಬಸ್ಸಿನ ಚಕ್ರ ಕಳಚುತ್ತೆ ಅಂತಾರೆ. ಡಾಕ್ಟ್ರು ಬಲಗಣ್ಣು ಸರಿಯಾಗೇ ಇದೆ ಅಂದ್ರು, ನಂಬ್ತಿಲ್ಲ. ‘ಕೈಯಲ್ಲಿ ಹಿಡಿದಿದ್ದೇ ಕಾಣ್ಲಿಲ್ವಲ್ಲೇ’ ಅಂತ ಒಂದೇ ಮಾತು. ನಾಳೆ ಡಿಪೋಗೆ ಹೋಗಿ ಪುಸ್ತಕದಲ್ಲಿ ಬರೆದು, ಇದ್ದ ಕೆಲಸಾನೂ ಬಿಟ್ಟು ಬರ್ತಾರಂತೆ.”

ಇಂಗು ತಿಂದ ಮಂಗನ ಹಾಗೆ ನಿಂತೆ. ಎಂಥ ಪೆದ್ದ ಇವನು ಎಂದು ಬೈಯಬೇಕೆನಿಸಿತು, ಬಾಯಿಗೆ ಬರಲಿಲ್ಲ. ಆ ಮನುಷ್ಯ ಮತ್ತೊಮ್ಮೆ ತಾನೇ ಬರೆದು ಸಹಿ ಹಾಕುತ್ತಾನೆ, ಅದರಲ್ಲಿ ಸಂಶಯವಿರಲಿಲ್ಲ. ಈ ಸಲ ಬರೆಯುವುದು ಸುಳ್ಳು, ಅದೂ ನನ್ನ ಸುಳ್ಳು.

“ಅವರ ಕಣ್ಣಿಂದಲ್ಲ ಅಕ್ಕಾ,” ಎಂದೆ. “ಕೇಬಲ್ ಕೊಟ್ಟಿದ್ದು ನಾನು. ಅದು ತಪ್ಪು ಕೇಬಲ್ಲು. ಅವರು ಸರಿಯಾಗೇ ಚುಚ್ಚಿದ್ರು.”

ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಹೊಡೆಯುತ್ತಾರೇನೋ ಅಂದುಕೊಂಡೆ, ಹೊಡೆದಿದ್ದರೆ ವಾಸಿಯಿತ್ತು.

“ಥೂ ನಿನ್ನ. ಇದನ್ನ ನನಗ್ಯಾಕೆ ಹೇಳ್ತೀಯ? ನಡಿ.”

ಅವರ ಮನೆ ಎರಡನೇ ಮಹಡಿಯಲ್ಲಿ, ಎರಡೇ ಕೋಣೆ. ಬೀಗದ ಕೈಗಳಿಗೆ ಚೀಟಿ, ಔಷಧಿ ಬಾಟಲಿಗೆ ಚೀಟಿ, ಹೊಲಿಗೆ ಯಂತ್ರದ ದಾರದುಂಡೆಗಳಿಗೂ ಚೀಟಿ. ಮೂಲೆಯಲ್ಲಿ ಹೊಸ ಕಂಪ್ಯೂಟರಿಗೆ ಹಳೇ ಸೀರೆ ಹೊದಿಸಿತ್ತು. ಡ್ರೈವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಇಷ್ಟು ಹೊತ್ತು ಅವನು, ಇವನು ಎಂದೆನಲ್ಲ, ಆ ಮಾತು ನನಗೆ ಆ ಹೊಸಿಲಿನಿಂದಾಚೆಗೆ ಬರಲಿಲ್ಲ.

ನಿಂತುಕೊಂಡೇ ಎಲ್ಲ ಹೇಳಿದೆ. ಹನ್ನೊಂದನೆಯದಕ್ಕೆ ಗೀಟು ಹಾಕಿದ್ದು, ನಾಲ್ಕನೆಯದಕ್ಕೆ ಹಾಕಿದ್ದು, ವಾಸನೆ ಬಂದಾಗಲೇ ಗೊತ್ತಾಗಿಯೂ ಅವರ ಕಣ್ಣಿನ ಮೇಲೆ ಹೊರಿಸಿದ್ದು.

ಅವರು ಎದ್ದು, ಸೀರೆ ಸರಿಸಿ, ಕಂಪ್ಯೂಟರಿನ ಬಾಗಿಲು ತೆಗೆದು ಆ ಕೇಬಲ್ಲನ್ನು ಕಿತ್ತರು. ಅಷ್ಟು ಕೇಬಲ್ಲುಗಳ ನಡುವೆ ಚೀಟಿಯಿಲ್ಲದ್ದು ಅದೊಂದೇ. ನನ್ನ ಮುಂದೆ ಇಟ್ಟು, ಜೇಬಿನಿಂದ ಒಂದು ಚೀಟಿ, ಒಂದು ಪೆನ್ನು ತೆಗೆದುಕೊಟ್ಟರು.

“ನಮ್ಮಲ್ಲಿ ಬಸ್ಸು ಎಲ್ಲಾದ್ರೂ ತಾಗಿಸಿದವನು ತಾನೇ ಬರೀಬೇಕು. ಇನ್ನೊಬ್ಬರು ಬರೆದ್ರೆ ನಡೆಯಲ್ಲ. ಬರೀರಿ.”

ಬರೆದೆ. ‘ಈ ಕೇಬಲ್ ಬೇರೆ ಪವರ್ ಸಪ್ಲೈಯದು. ಕೊಟ್ಟು ಹಾಕಿಸಿದ್ದು ನಾನು. ಅವರ ಕಣ್ಣಿನ ತಪ್ಪಲ್ಲ.’

“ಸಹಿ. ತಾರೀಕು.”

ಹಾಕಿದೆ. ನಂತರ, “ಹನ್ನೊಂದನೇ ಕೇಬಲ್ಲು ನಾಳೆ ನಾನೇ ತಂದು...” ಎಂದು ಶುರುಮಾಡಿದೆ.

“ನೀವು ತರ್ಬೇಡಿ. ನಾನೇ ಹೋಗಿ ತರ್ತೀನಿ, ಬೇರೆ ಅಂಗಡೀಲಿ. ಎರಡು ವರ್ಷದ ಹಾದಿ ಹೋಯ್ತು ನಂದು. ಅದಕ್ಕೆ ನಿಮ್ಮ ಈ ಚೀಟಿ ಸಾಲಲ್ಲ, ತಿಳ್ಕೊಳ್ಳಿ.”

ಆ ದಿನ ಅವರು ನನ್ನನ್ನು ಒಮ್ಮೆಯೂ ಸಾರ್ ಅನ್ನಲಿಲ್ಲ.

ಚೀಟಿಯನ್ನು ಕಿಟಕಿಯ ಬೆಳಕಿಗೆ ಒಯ್ದು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣೊಂದರಲ್ಲೇ ನಿಧಾನವಾಗಿ ಓದಿದರು. ಒಂದು ಪದವನ್ನೂ ಬಿಡದೆ, ನನ್ನ ಸಹಿಯನ್ನೂ ಸೇರಿಸಿ, ಗಟ್ಟಿಯಾಗಿ ಓದಿದರು. ಅವರ ಹೆಂಡತಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಾಗಿಲಲ್ಲೇ ನಿಂತಿದ್ದರು.

“ಅಕ್ಷರ ಗಲೀಜು,” ಎಂದರು ಡ್ರೈವರು. “ಆದ್ರೂ ಕಾಣುತ್ತೆ.”

ಆಮೇಲೆ ಹೆಂಡತಿಯ ಕಡೆ ತಿರುಗಿ, “ನಾಳೆ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಬಿಡು, ಕೆಲಸಕ್ಕೆ ಹೋಗ್ಬೇಕು” ಎಂದರು.