ಥಂಡಿಯಲ್ಲಿ ಹತ್ತು ನಿಮಿಷದ ಎಸಿ

ಕುಷ್ಟಗಿಯ ಮಾಮನ ಮನೆಯಿಂದ ಗಂಗಾವತಿಗೆ ಕಾರಿನಲ್ಲಿ ಮರಳುತ್ತಿದ್ದೆವು. ಬೆಳಗಿನ ಚಳಿ. ಅಪ್ಪನ ಕಿವಿಗೆ ಮಫ್ಲರ್, ನನಗೆ ಸ್ವೆಟರ್. ಹಿಂದಿನ ಸೀಟಿನಿಂದ ಅವ್ವ ಮೆಲ್ಲಗೆ ಹೇಳಿದಳು, "ಎಸಿ ಹಚ್ಚರಿ."

ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿದರು. "ಈ ಥಂಡ್ಯಾಗ ಎಸಿ ಏನ? ಮಂದಿ ನಗ್ತಾರ."

ಅವ್ವ ಕಿಟಕಿಯ ಗಾಜು ಇಳಿಸಿದಳು. ಗಾಳಿ ಬರುತ್ತದೆಂದು ಅಪ್ಪ ಗೊಣಗಿದರು. ಏರಿಸಿದಳು. ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ಕೂತಳು.

ಮುಟ್ಟು ನಿಲ್ಲುವ ವಯಸ್ಸು ಅವಳದು. ಚಳಿಯಲ್ಲೂ ಒಮ್ಮೆಲೇ ಮೈಯೆಲ್ಲ ಕುದಿಯುತ್ತದೆ, ಎದೆ ಡವಗುಟ್ಟುತ್ತದೆ. ಡಾಕ್ಟರು ಅವಳಿಗೂ ನನಗೂ ವಿವರಿಸಿದ್ದಾರೆ. ಅಪ್ಪನಿಗೆ ಹೇಳಬೇಕೆಂದರೆ ಮಾತ್ರ ಇಬ್ಬರಿಗೂ ನಾಲಿಗೆ ಏಳದು. (ಇದನ್ನು ಬರೆಯಲು ಅವ್ವನ ಒಪ್ಪಿಗೆ ಪಡೆದಿದ್ದೇನೆ. "ನಿಮ್ಮಪ್ಪ ಪೇಪರಿನ್ಯಾಗ ಕ್ರಿಕೆಟ್ ಅಷ್ಟ ಓದ್ತಾರ, ಬರಿ" ಎಂದಳು.)

ಮರುದಿನ ಸರ್ವೀಸಿಂಗ್‌ಗೆಂದು ಗ್ಯಾರೇಜಿಗೆ ಹೋದೆವು. ಎಸಿ ಬಂದ್ ಇಟ್ಟಿದ್ದೀರಾ ಎಂದು ಮೆಕ್ಯಾನಿಕ್ ಕೇಳಿದರು. ಚಳಿಗಾಲ ಬಂದಾಗಿನಿಂದ ಮುಟ್ಟಿಯೇ ಇಲ್ಲವೆಂದು ಅಪ್ಪ ಹೆಮ್ಮೆಯಿಂದ ಹೇಳಿದರು. ಹಾಗೆ ಬಿಟ್ಟರೆ ಒಳಗೆ ಎಣ್ಣೆ ಓಡಾಡುವುದಿಲ್ಲ, ರಬ್ಬರ್ ಸೀಲು ಒಣಗಿ ಗ್ಯಾಸ್ ಸೋರುತ್ತದೆ, ಬೇಸಿಗೆಯಲ್ಲಿ ಬಿಸಿಗಾಳಿಯೇ ಗತಿ ಎಂದರು ಮೆಕ್ಯಾನಿಕ್. ವಾರಕ್ಕೊಮ್ಮೆ ಹತ್ತು ನಿಮಿಷ ಹಚ್ಚಿದರೆ ಸಾಕಂತೆ.

ಅವ್ವ ಕೇಳಿದಾಗ ಆಗದಿದ್ದ ಕೆಲಸ! ಮೆಕ್ಯಾನಿಕ್ ಮಾತನ್ನು ಅಪ್ಪ ವ್ರತದಂತೆ ಹಿಡಿದರು.

ಈ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗಾಡಿ ಚಾಲೂ. ಎಸಿ ಫುಲ್. ಅಪ್ಪ ಹೊರಗೆ, ಮಫ್ಲರ್ ಸುತ್ತಿಕೊಂಡು, ವಾಚು ನೋಡುತ್ತ. "ಒಳಗ ಯಾರರ ಕುಂದ್ರಬೇಕಲ್ಲ" ಎನ್ನುತ್ತ ಅವ್ವ ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಕೈಗೆ ಹಿಟ್ಟು ಹಾಗೇ ಇತ್ತು. ಕಣ್ಣು ಮುಚ್ಚಿ ಮುಖವನ್ನು ಗಾಳಿಗೆ ಒಡ್ಡಿದಳು. ಅವಳು ಅಷ್ಟು ಆರಾಮಾಗಿ ಕೂತದ್ದನ್ನು ನಾನು ನೋಡಿ ಎಷ್ಟೋ ದಿನವಾಗಿತ್ತು.

ಹೊತ್ತಾಯಿತೆಂದು ಅಪ್ಪ ಗಾಜು ತಟ್ಟಿದರು. ಅವ್ವ ಒಂಚೂರು ಇಳಿಸಿದಳು.

"ಇನ್ನೊಂದೀಟು ಇರಲಿ. ಗಾಡಿ ಹಳೇದೈತಿ, ಪಾಪ."

ಅಪ್ಪ ಒಪ್ಪಿದರು. ಹಳೆಯ ಗಾಡಿಗೆ ತುಸು ಹೆಚ್ಚೇ ಬೇಕಾಗುತ್ತದೆ ಎಂದು ನನಗೂ ತಿಳಿಸಿ ಹೇಳಿದರು. ಅವರು ಕೆಟ್ಟವರಲ್ಲ. ಗಾಡಿಗೆ ಏನು ಬೇಕೆಂದು ಯಾರಾದರೂ ಹೇಳಿದರೆ ಕೇಳುತ್ತಾರೆ. ಹೆಂಗಸಿನ ಮೈಗೆ ಏನು ಬೇಕೆಂದು ಹೇಳಲು ನಮ್ಮ ಮನೆಗಳಲ್ಲಿ ಗ್ಯಾರೇಜಿಲ್ಲ.

ನಿಮ್ಮ ಗಾಡಿಗೂ ವಾರಕ್ಕೊಮ್ಮೆ ಎಸಿ ಹಚ್ಚಿ. ಆದರೆ ವಾಚು ನೋಡುವ ಮೊದಲು, ಒಳಗೆ ಕೂತವರ ಮುಖ ನೋಡುತ್ತೀರಲ್ಲ?