ಆಕಳು ಗುರುತು ಹಿಡಿದ ಮನೆ

ನಮ್ಮ ಮನೆಯಲ್ಲಿ ಲಿಂಬೆಹಣ್ಣು ಕೈಜಾರಿ ಬಿದ್ದರೆ ಹುಡುಕುವ ಕೆಲಸವಿಲ್ಲ. ಎಲ್ಲಿ ಬಿದ್ದರೂ ಉರುಳುತ್ತ ಹೋಗಿ ಬಚ್ಚಲ ಮೂಲೆಯಲ್ಲೇ ನಿಲ್ಲುತ್ತದೆ. ನೆಲ ಆ ಕಡೆಗೆ ಇಳಿಜಾರು. ಯಾಕೆ ಹೀಗೆ ಎಂದು ಬಂದವರು ಕೇಳಿದರೆ, ನೀರು ನಿಲ್ಲಬಾರದು ಅಂತ ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಅದೇನೂ ಸುಳ್ಳಲ್ಲ. ಯಾವ ನೀರು ಎಂಬುದನ್ನಷ್ಟೇ ಹೇಳುತ್ತಿರಲಿಲ್ಲ.

ಈ ಮನೆ ಮೊದಲು ದನದ ಕೊಟ್ಟಿಗೆ. ನಮ್ಮ ಕಡೆ ಕೊಟಗಿ ಎನ್ನುತ್ತೇವೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಎರೆಹೊಲಗಳ ನಡುವಿನ ಬಂಡಿದಾರಿ ಹಿಡಿದು ಬರಬೇಕು. ಮಳೆ ಬಿದ್ದರೆ ಚಪ್ಪಲಿ ಕೈಗೆ ಬರುತ್ತದೆ, ಮಣ್ಣು ಕಾಲಿಗೆ ಬರುತ್ತದೆ. ನನ್ನ ಗಂಡ ಮತ್ತು ಅವರ ಅಣ್ಣ ಬೇರೆಯಾದಾಗ ಊರೊಳಗಿನ ಮನೆ ಅಣ್ಣನ ಪಾಲಿಗೆ ಹೋಯಿತು. ಹೊಲ, ಹೊಲದಲ್ಲಿದ್ದ ಕೊಟಗಿ, ಅದರಲ್ಲಿ ಕಟ್ಟಿದ್ದ ಒಂದು ಆಕಳು ನಮ್ಮ ಪಾಲಿಗೆ ಬಂದವು.

ನಾವಾಗ ಶಹಾಪುರದಲ್ಲಿ ಬಾಡಿಗೆಗೆ ಇದ್ದೆವು. ನಾನು ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಗಂಡನದು ಸುಟ್ಟ ಪಂಪಿನ ಮೋಟಾರಿಗೆ ತಂತಿ ಸುತ್ತಿಕೊಡುವ ಸಣ್ಣ ಅಂಗಡಿ. ಮನೆಯ ಮಾಲಕರು ಮಗನ ಮದುವೆ ಮಾಡಿ ಮನೆ ಬಿಡಿ ಎಂದರು. ಬೇರೆ ಮನೆ ನೋಡುತ್ತ ಹೋದಂತೆ ಬಾಡಿಗೆ ಏರುತ್ತ ಹೋಯಿತು, ಕೋಣೆ ಸಣ್ಣದಾಗುತ್ತ ಹೋಯಿತು. ಒಂದು ಸಂಜೆ ಚಹಾ ಕುಡಿಯುತ್ತ ಅವರು ಅಂದರು: "ನಮ್ಮ ಕೊಟಗಿ ಐತಲ್ಲ."

ನಾನು ನಕ್ಕೆ. ಅವರು ನಗಲಿಲ್ಲ.

ಕೆಲಸ ಶುರುವಾದ ಮೇಲೆ ಅವರ ಹುರುಪು ನೋಡಬೇಕಿತ್ತು. ಮೂರು ಕಡೆಯ ಕಲ್ಲುಗೋಡೆ ನಮ್ಮ ಮಾವನವರು ಕೈಯಾರೆ ಕಟ್ಟಿದ್ದು, ಗಟ್ಟಿಯಾಗಿತ್ತು. ಬಯಲಾಗಿದ್ದ ಮುಂಭಾಗಕ್ಕೆ ಸಿಮೆಂಟ್ ಇಟ್ಟಿಗೆಯ ಗೋಡೆ ಬಂತು. ಬಾಗಿಲು, ಕಿಟಕಿ ಗುರುಮಠಕಲ್ ಕಡೆ ಯಾರೋ ಕೆಡವಿದ ಹಳೆಯ ಮನೆಯವು. ಮೇಲೆ ಇದ್ದದ್ದು ತಗಡು. ನಮ್ಮ ಬೇಸಿಗೆಯಲ್ಲಿ ತಗಡಿನ ಕೆಳಗೆ ಕೂತವರದು ಹಂಚಿನ ಮೇಲಿನ ರೊಟ್ಟಿಯ ಪಾಡು. ಅದಕ್ಕೆ ತಗಡಿನ ಮೇಲೆ ತೊಗರಿ ಕಟ್ಟಿಗೆಯನ್ನು ಒತ್ತಾಗಿ ಹಾಸಿ ಬಿಗಿದರು. ಕರೆಂಟಿನ ಕಂಬಗಳು ರಸ್ತೆಯ ಬದಿಗೇ ನಿಂತಿದ್ದವು. ಅಲ್ಲಿಂದ ಇಲ್ಲಿಗೆ ತಂತಿ ಎಳೆಸುವಷ್ಟು ಶಕ್ತಿ ನಮಗಿರಲಿಲ್ಲ. ತಗಡಿನ ಪಕ್ಕ ಸೋಲಾರ್ ಹಲಗೆಗಳನ್ನು ನಿಲ್ಲಿಸಿ, ಬ್ಯಾಟರಿ ಇಟ್ಟು, ವೈರಿಂಗ್ ಎಲ್ಲ ತಾವೇ ಮಾಡಿದರು. ಬೋರಿನ ನೀರು ಹಗಲು ಬಿಸಿಲಿನ ಬಲದಿಂದಲೇ ಟಾಕಿಗೆ ಏರುವ ಹಾಗಾಯಿತು. ಮೊದಲ ಸಲ ದೀಪ ಹತ್ತಿದಾಗ, ಸ್ವಿಚ್ಚನ್ನು ನಾಲ್ಕಾರು ಬಾರಿ ಹಾಕಿ ತೆಗೆದು, ನನ್ನ ಮುಖ ನೋಡಿದರು. ನಾನು "ಬ್ಯಾಟರಿ ಮುಗೀತದ" ಎಂದೆ.

ಕೊಟಗಿಯಲ್ಲಿ ಇದ್ದದ್ದನ್ನು ಅವರು ಯಾವುದನ್ನೂ ಹಾಳುಮಾಡಲಿಲ್ಲ. ದನಗಳಿಗೆ ಮೇವು ಹಾಕುವ ಗ್ವಾದಲಿ ಹಿಂದಿನ ಗೋಡೆಗುಂಟ ಇತ್ತು. ಅದನ್ನು ಕಲ್ಲುಮಣ್ಣಿನಿಂದ ತುಂಬಿ, ಮೇಲೆ ಪರಸಿ ಕಲ್ಲು ಹಾಸಿ, ಅಡುಗೆಯ ಕಟ್ಟೆ ಮಾಡಿದರು. "ಎತ್ತರ ನೋಡು, ನಿನ್ನ ಅಳತಿ ತಗೊಂಡು ಕಟ್ಟಿದಂಗ ಐತಿ" ಎಂದರು. ಗಂಜಲ ಹರಿದುಹೋಗಲೆಂದು ಮಾವನವರು ನೆಲವನ್ನು ಓರೆ ಮಾಡಿದ್ದರಲ್ಲ, ಆ ಓರೆಯನ್ನೇ ಉಳಿಸಿಕೊಂಡು ಬಚ್ಚಲ ನೀರಿಗೆ ದಾರಿ ಮಾಡಿದರು. ಅಡುಗೆಕಟ್ಟೆಯ ಮೇಲಿನ ಗೋಡೆಯಲ್ಲಿ, ಆಕಳ ಹಗ್ಗ ಬಿಗಿಯುತ್ತಿದ್ದ ಕಬ್ಬಿಣದ ಬಳೆಯೊಂದಿತ್ತು. ಅದು ಇರಲಿ, ಚೀಲ ತೂಗುಹಾಕಲಿಕ್ಕೆ ಬರ್ತದ ಎಂದರು. ಅವರು ಅಂಗಡಿಗೆ ಹೋದಾಗ ನಾನು ಗೌಂಡಿಗೆ ಹೇಳಿ ಅದರ ಮೇಲೆ ಸಿಮೆಂಟ್ ಮೆತ್ತಿಸಿ ಗಿಲಾಯಿ ಮಾಡಿಸಿಬಿಟ್ಟೆ. ಸಂಜೆ ಬಂದು ಗೋಡೆ ಸವರಿ ನೋಡಿ, "ಗೌಂಡಿ ಮರತು ಮುಚ್ಚ್ಯಾನ" ಎಂದು ತಾವೇ ಹೇಳಿಕೊಂಡರು. ನಾನು ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ.

ಯಾಕೆ ಮುಚ್ಚಿಸಿದೆ ಎಂದರೆ, ನನಗೆ ನಾಚಿಕೆಯಾಗುತ್ತಿತ್ತು. ದನ ಇದ್ದ ಜಾಗದಲ್ಲಿ ಬದುಕುವುದಕ್ಕೆ ನಾಚಿಕೆ. ಮಳೆ ಬಂದರೆ ಕಲ್ಲಿನ ಸಂದಿಯಿಂದ ಹಳೆಯ ಸಗಣಿಯ ವಾಸನೆ ಏಳುತ್ತಿತ್ತು. ನಾನು ಲೋಬಾನದ ಹೊಗೆ ಹಾಕಿ ಹಾಕಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದೆ.

ಯಾದಗಿರಿಯಲ್ಲಿ ನನ್ನ ಅಕ್ಕ ಇದ್ದಾಳೆ. ಅವಳದು ಮಾಳಿಗೆಯ ಮೇಲೆ ಮಾಳಿಗೆ, ಗೇಟಿನ ಎರಡೂ ಬದಿಗೆ ದೀಪ. ಫೋನಿನಲ್ಲಿ ಅವಳು ಎಲ್ಲಿಗೆ ಹೊಂಟೀರಿ ಎಂದು ಕೇಳಿದಾಗ ನನ್ನ ಬಾಯಿಂದ "ಹೊಲದಾಗ ಹೊಸಾ ಮನಿ ಕಟ್ಟಸಾಕತ್ತೀವಿ, ಫಾರ್ಮ್ ಹೌಸ್ ಇದ್ದಂಗ" ಎಂದು ಬಂದುಬಿಟ್ಟಿತು. ಅಕ್ಕ ಖುಷಿಯಿಂದ ಅದನ್ನು ಅರ್ಧ ಯಾದಗಿರಿಗೆ ಹೇಳಿದಳು. ಸುಳ್ಳಿಗೆ ಒಂದು ಸಲ ಕಾಲು ಬಂದರೆ ಅದು ಕೂಡುವುದಿಲ್ಲ. ಬುನಾದಿ ಎಷ್ಟು ಆಳ ತೆಗೆಸಿದಿರಿ ಎಂದು ಕೇಳಿದಳು, ಅದಕ್ಕೂ ಒಂದು ಉತ್ತರ ಕೊಟ್ಟೆ. ಶಾಲೆಯ ಸ್ಟಾಫ್ ರೂಮಿನಲ್ಲಿಯೂ ಅದೇ ಫಾರ್ಮ್ ಹೌಸ್.

ಇತ್ತ ಅವರು, ಅಂಗಡಿಗೆ ಮೋಟಾರು ತಂದವರಿಗೆಲ್ಲ "ಕೊಟಗೀನ ಮನಿ ಮಾಡಾಕತ್ತೀನ್ರಿ" ಎಂದು ಹೇಳುತ್ತಿದ್ದರು. ಆ ಮಾತಿನಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ, ಪೂರಾ ಅಭಿಮಾನ. ಯಾರಾದರೂ ಫೋನು ಮಾಡಿದರೆ "ಕೊಟಗ್ಯಾಗ ಅದೀನಿ, ಬರ್ರಿ" ಎಂದು ಹೊಲಕ್ಕೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ನಾನು ಅವರನ್ನು ಶಾಲೆಯ ಕಾರ್ಯಕ್ರಮಗಳಿಗೆ ಕರೆಯುವುದನ್ನು ಬಿಟ್ಟೆ. ಅಕ್ಕ ಫೋನಿನಲ್ಲಿ ಇದ್ದಾಗ ಅವರ ಕೈಗೆ ಕೊಡುತ್ತಿರಲಿಲ್ಲ. ನನ್ನ ಸುಳ್ಳು ಊರಿಗೆಲ್ಲ ತಿಳಿದರೂ ತಡೆದುಕೊಂಡೇನು, ಅವರ ಕಿವಿಗೆ ಬೀಳಬಾರದು ಎಂಬುದೇ ನನ್ನ ಚಿಂತೆಯಾಗಿತ್ತು. ಅವರ ಕೈಕೆಲಸಕ್ಕೆ ನಾನು ನಾಚುತ್ತೇನೆ ಎಂಬುದು ಅವರಿಗೆ ಗೊತ್ತಾದರೆ ಆಮೇಲೆ ಆ ಮನೆಯಲ್ಲಿ ನಾವಿಬ್ಬರೂ ಹೇಗೆ ಇರುವುದು?

ಕೊನೆಗೆ ಮನಿ ಓಪನಿಂಗಿನ ದಿನ ಗೊತ್ತಾಯಿತು. ಅಕ್ಕ ತಾನಾಗಿಯೇ ಬರುತ್ತೇನೆ ಎಂದಳು. ಶಾಲೆಯವರೂ ಬಿಡಲಿಲ್ಲ. ಸುಣ್ಣ ಬಳಿದು, ಬಾಗಿಲಿಗೆ ಮಾವಿನ ತೋರಣ ಕಟ್ಟಿ ನೋಡಿದಾಗ, ಯಾರೂ ಗುರುತು ಹಿಡಿಯಲಾರರು ಎಂದು ನನಗೆ ಧೈರ್ಯ ಬಂತು.

ಗೃಹಪ್ರವೇಶಕ್ಕೆ ಮೊದಲು ಆಕಳು ಒಳಗೆ ಹೋಗಬೇಕಲ್ಲ. ನಮ್ಮ ಆಕಳನ್ನು ಕೆಲಸ ಶುರುವಾಗುವಾಗಲೇ ಬಾಜೂ ಹೊಲದ ಚಾಚಾನಿಗೆ ಕೊಟ್ಟಿದ್ದೆವು. ಚಾಚಾ ವಯಸ್ಸಾದ ಸಾಬರು, ನಮ್ಮ ಮಾವನವರ ಜೊತೆಗೆ ಬೇಸಾಯ ಮಾಡಿದವರು. ನನ್ನ ಗಂಡ ಆ ಆಕಳನ್ನೇ ತರಲು ಅವರಿಗೆ ಹೇಳಿಬಂದಿದ್ದರು.

"ಊರಾಗಿನ ಗೌಡ್ರ ಆಕಳ ತರಸೋಣು. ಕರಾ ಸುದ್ದಾ ಐತಿ, ಚಲೋ ಕಾಣಸ್ತದ" ಎಂದೆ.

"ಬ್ಯಾರೇ ಆಕಳ ಯಾಕ? ಇದು ಅದರ ಮನಿ ಅಲ್ಲೇನು" ಎಂದರು. ನನ್ನ ಹತ್ತಿರ ಕಾರಣ ಇತ್ತು, ಆದರೆ ಹೇಳುವಂಥದಲ್ಲ.

ಅವತ್ತು ಬೆಳಿಗ್ಗೆ ಚಾಚಾ ಆಕಳಿನ ಮೈ ತೊಳೆದು, ತಂದು ಬಾಗಿಲ ಮುಂದೆ ನಿಲ್ಲಿಸಿದರು. ನಾನು ಕೊಂಬಿಗೆ ಅರಿಶಿನ ಹಚ್ಚಿ, ಕೊರಳಿಗೆ ಹಾರ ಹಾಕಿದೆ. ಬೇರೆಯವರ ಮನೆಗಳಲ್ಲಿ ಆಕಳು ಹೊಸ್ತಿಲಲ್ಲಿ ಮೊಂಡು ಹಿಡಿಯುವುದನ್ನು ಕಂಡಿದ್ದೇನೆ. ಬೆಲ್ಲ ತೋರಿಸಬೇಕು, ಹಿಂದಿನಿಂದ ನೂಕಬೇಕು. ನಮ್ಮ ಆಕಳು ಪೂಜೆಗೆ ಬಂದ ಅಯ್ನೋರ ಮಂತ್ರ ಮುಗಿಯುವವರೆಗೂ ಕಾಯಲಿಲ್ಲ. ಚಾಚಾನ ಕೈಯಿಂದ ಹಗ್ಗ ಜಗ್ಗಿಕೊಂಡು, ಹೊಸ್ತಿಲು ದಾಟಿ, ಜಮಖಾನೆಯ ಮೇಲೆ ಕೂತವರ ನಡುವೆ ಹಾದು, ನೆಟ್ಟಗೆ ಅಡುಗೆಕಟ್ಟೆಗೆ ಹೋಯಿತು. ಗೋಡೆಗೆ ಮುಖ ಮಾಡಿ, ಬಳೆ ಇದ್ದ ಜಾಗಕ್ಕೆ ಕೊರಳು ಒಡ್ಡಿ, ಕಟ್ಟಿರಿ ಎನ್ನುವಂತೆ ನಿಂತಿತು. ಯಾರೂ ಕಟ್ಟದಿದ್ದಾಗ ಪರಸಿ ಕಲ್ಲನ್ನು ನೆಕ್ಕಿ, ಮೇವು ಹುಡುಕಿತು. ಆಮೇಲೆ ಬಾಲ ಎತ್ತಿ ಗಂಜಲ ಹೊಯ್ದಿತು.

"ಶುಭ ಆತು" ಎಂದರು ಅಯ್ನೋರು. ಎಲ್ಲರೂ ನಕ್ಕರು. ಗಂಜಲ ಮಾತ್ರ ಅಲ್ಲಿ ನಿಲ್ಲಲಿಲ್ಲ. ಯಾರ ಕಾಲಿಗೂ ತಾಗದೆ, ಒಂದೇ ಗೆರೆಯಾಗಿ, ಮಾವನವರು ಹಾಕಿಕೊಟ್ಟ ಓರೆಯಲ್ಲಿ ಹರಿದು, ಬಚ್ಚಲ ಮೂಲೆಯ ತೂಬಿನಿಂದ ಹೊರಗೆ ಹೋಯಿತು. ಅಕ್ಕ ಅದು ಹೋಗುವ ದಾರಿಯನ್ನೇ ನೋಡುತ್ತಿದ್ದಳು.

"ಇದರ ಜಾಗಾ ಇದೇ ಇತ್ತಲ್ಲ ಬೇಟಿ, ಮರತಿಲ್ಲ ನೋಡು" ಎಂದು ಚಾಚಾ ನನಗೆ ಪ್ರೀತಿಯಿಂದ ಹೇಳಿದರು.

"ಇದರ ಜಾಗಾ ಅಂದ್ರ?" ಎಂದಳು ಅಕ್ಕ.

ನಾನು ಏನಾದರೂ ಹೇಳುವ ಮೊದಲೇ ಇವರು ಮುಂದೆ ಬಂದರು. "ಇದು ನಮ್ಮ ದನದ ಕೊಟಗಿ ಇತ್ರಿ ಅಕ್ಕಾರ. ಈ ಕಟ್ಟಿ ಐತಲ್ರಿ, ಇದು ಗ್ವಾದಲಿ. ಈ ಗೋಡಿ ನಮ್ಮ ಅಪ್ಪ ಕಟ್ಟಿದ್ದು. ನಾ ಏನೂ ಕೆಡವಿಲ್ರಿ, ಇದ್ದದ್ದರಾಗ ಮಾಡೀನಿ." ಹಬ್ಬದ ಹೊಸ ಅಂಗಿ ತೋರಿಸುವ ಮಕ್ಕಳ ಮುಖ ಇರುತ್ತದಲ್ಲ, ಹಾಗಿತ್ತು ಅವರ ಮುಖ.

ಅಕ್ಕ ಕೆಟ್ಟವಳಲ್ಲ. ಅವಳಿಗೆ ನಿಜವಾಗಿಯೂ ಗೊಂದಲವಾಗಿತ್ತು. "ಮತ್ತ ಇಕಿ ಹೊಸಾದು ಕಟ್ಟಸಾಕತ್ತೀವಿ ಅಂದಿದ್ಲಲ್ರಿ? ಬುನಾದಿ ತಗಸೀವಿ ಅಂತ?"

"ನಮಗೂ ಫಾರ್ಮ್ ಹೌಸ್ ಅಂತನ ಹೇಳ್ಯಾರ್ರಿ" ಎಂದು ನಮ್ಮ ಶಾಲೆಯ ಗಣಿತದ ಟೀಚರು ನಕ್ಕರು.

ಇವರು ನನ್ನ ಕಡೆ ನೋಡಿದರು. ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಸುಮ್ಮನೆ ನೋಡಿದರು, ಸುಟ್ಟ ಮೋಟಾರನ್ನು ಬಿಚ್ಚಿ ಎಲ್ಲಿ ಕೆಟ್ಟಿದೆ ಎಂದು ನೋಡುವ ಹಾಗೆ. ಆಮೇಲೆ ಅಕ್ಕನ ಕಡೆ ತಿರುಗಿ ನಕ್ಕರು.

"ಹೌದ್ರಿ ಅಕ್ಕಾರ, ಹೊಸಾದ ಐತಿ. ಬುನಾದಿ ತಗಸೀವಿ. ಹಿಂದಿನ ಗೋಡಿ ಒಂದ ಹಳೇದು. ನಾ ಸುಮ್ನ ಚ್ಯಾಷ್ಟಿ ಮಾಡಿದ್ನಿ."

ಅವರು ಸುಳ್ಳು ಹೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಮೋಟಾರು ಸುಟ್ಟಿದ್ದು ಯಾರ ತಪ್ಪಿನಿಂದ ಎಂದು ಗಿರಾಕಿಯ ಮುಖದ ಮೇಲೆ ಹೇಳಿ ಗಿರಾಕಿ ಕಳೆದುಕೊಳ್ಳುವ ಮನುಷ್ಯ. ನನ್ನ ಮಾನ ಉಳಿಸಲು, ತಮ್ಮ ಅಪ್ಪನ ಎರಡು ಗೋಡೆಗಳನ್ನು, ತಮ್ಮ ಇಷ್ಟು ದಿನದ ಕೆಲಸವನ್ನು ನಾಲ್ಕು ಜನರ ಮುಂದೆ ಇಲ್ಲ ಅಂದುಬಿಟ್ಟರು. ನಾನು ಆಗ ಬಾಯಿ ಬಿಡಬಹುದಿತ್ತು. ಅಲ್ಲ ಅಕ್ಕ, ಕೊಟಗೀನೇ, ನಾನೇ ಸುಳ್ಳು ಹೇಳಿದ್ದು ಎಂದರೆ ಮುಗಿಯುತ್ತಿತ್ತು. ನಾನು ಚಹಾ ತರುತ್ತೇನೆ ಎಂದು ಕಟ್ಟೆಯ ಕಡೆ ಹೋಗಲು ನೋಡಿದೆ. ಒಲೆಯ ಮುಂದೆ ಆಕಳು ನಿಂತಿತ್ತು.

ಚಾಚಾನಿಗೆ ಎಲ್ಲ ತಿಳಿಯಿತು. "ಹೌದ್ಹೌದು, ನಂಗ ವಯಸ್ಸಾತು" ಎಂದು ಗೊಣಗಿ ಹಗ್ಗ ಹಿಡಿದು ಜಗ್ಗಿದರು. ಆಕಳು ಕದಲಲಿಲ್ಲ. ಚಾಚಾ ಹಗ್ಗ ಜಗ್ಗಿ, ಇವರು ಪಕ್ಕದಿಂದ ನೂಕಿ, ತಿರುಗಿಸಿ, ಎಲ್ಲರೂ ನೋಡುತ್ತಿರುವಾಗ ಅದನ್ನು ಅದರ ಜಾಗದಿಂದ ಹೊರಗೆ ಹಾಕಿದರು. ಬಾಗಿಲಲ್ಲಿ ಅದು ಒಂದು ಸಲ ತಿರುಗಿ ಕೂಗಿತು.

ಊಟಕ್ಕೆ ಎಲ್ಲರೂ ಕೂತರು. ಹೋಳಿಗೆ ಚೆನ್ನಾಗಿ ಆಗಿವೆ ಎಂದರು. ಹೋಗುವಾಗ ಅಕ್ಕ ನನ್ನ ಕೈ ಹಿಡಿದು, "ಕೊಟಗಿ ಅಂದಿದ್ರ ನಾ ಏನ್ ಅಂತಿದ್ನೇ?" ಎಂದಳು. ಏನೂ ಅನ್ನುತ್ತಿರಲಿಲ್ಲ ಎಂಬುದು ನನಗೂ ಗೊತ್ತಿತ್ತು.

ಅವರು ಆ ವಿಷಯ ಎತ್ತಲೇ ಇಲ್ಲ. ನಾನು ತಪ್ಪಾಯಿತು ಎಂದಾಗ, "ಆತು ಬಿಡು, ಅದೇನ್ ದೊಡ್ಡ ಮಾತು" ಎಂದು ಬ್ಯಾಟರಿಗೆ ನೀರು ಹಾಕಲು ಹೋದರು. ದಿನಗಳು ಎಂದಿನಂತೆ ನಡೆದವು. ಆದರೆ ಒಂದು ದಿನ ಅವರಿಗೆ ಯಾವುದೋ ಹಳ್ಳಿಯ ಗಿರಾಕಿಯ ಫೋನು ಬಂತು. ನಾನು ರೊಟ್ಟಿ ಬಡಿಯುತ್ತಿದ್ದೆ. ಎಲ್ಲಿದ್ದೀರಿ ಎಂದು ಆ ಕಡೆಯಿಂದ ಕೇಳಿರಬೇಕು. ಇವರು ದನಿ ತಗ್ಗಿಸಿ, "ಫಾರ್ಮ್ ಹೌಸಿನ್ಯಾಗ ಅದೀನ್ರಿ" ಎಂದರು. ಆ ಮಾತು ಅವರ ಬಾಯಲ್ಲಿ ಬೇರೆಯವರ ಚಪ್ಪಲಿ ಹಾಕಿಕೊಂಡವರ ಹಾಗೆ ನಡೆಯಿತು. ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಕೊಟಗಿ ಎಂಬ ಮಾತನ್ನು ಅವರಿಂದ ನಾನು ಮತ್ತೆ ಕೇಳಿಲ್ಲ.

ಈಗ ನಾನೇ ಅನ್ನುತ್ತೇನೆ. ಶಾಲೆಯಲ್ಲಿ ಅನ್ನುತ್ತೇನೆ, ಬಸ್ಸಿನಲ್ಲಿ ಅನ್ನುತ್ತೇನೆ, ಅಕ್ಕನ ಜೊತೆ ಬೇಕೆಂದೇ ನಾಲ್ಕು ಸಲ ಅನ್ನುತ್ತೇನೆ. ಅವರ ಮುಂದೆ ಅಂದರೆ ಅವರು ಏಳಲು ಒಂದು ನೆವ ಹುಡುಕುತ್ತಾರೆ.

ಕಳೆದ ರವಿವಾರ ಅವರು ಶಹಾಪುರಕ್ಕೆ ಹೋದಾಗ, ಉಳಿ, ಸುತ್ತಿಗೆ ತೆಗೆದುಕೊಂಡು ಅಡುಗೆಕಟ್ಟೆಯ ಮೇಲಿನ ಗಿಲಾಯಿಯನ್ನು ನಾನೇ ಕೆತ್ತಿದೆ. ಬಳೆ ಸಿಕ್ಕಿತು. ಸಿಮೆಂಟು ಉದುರಿಸಿ, ಎಣ್ಣೆ ಹಚ್ಚಿ ಒರೆಸಿದೆ. ಅವರ ಊಟದ ಡಬ್ಬಿಯ ಚೀಲವನ್ನು ಅದಕ್ಕೆ ತೂಗುಹಾಕಿ, ಕಾಯುತ್ತ ಕೂತೆ.

ಸಂಜೆ ಬಂದರು. ನೋಡಿದರು. ಹತ್ತಿರ ಹೋಗಿ ಬಳೆಯೊಳಗೆ ಬೆರಳು ಹಾಕಿ ಮೆಲ್ಲಗೆ ತಿರುಗಿಸಿದರು. ಅವರು ಚೀಲ ತೆಗೆದು ಕೆಳಗಿಟ್ಟು, ಬಾಗಿಲ ಹಿಂದಿನ ಕ್ಯಾಲೆಂಡರು ತಂದು, ಬಳೆಯ ಮೇಲೆ ಬರುವಂತೆ ಮೊಳೆ ಹೊಡೆದು ಹಾಕಿದರು.

"ಬಂದವರು ನೋಡ್ತಾರ" ಎಂದರು.