ಭಟ್ಕಳದ ಹರಾಜಿನಲ್ಲಿ ಕೊಂಡ ಕಡಲು

ಕುಮಟಾದಿಂದ ಬೆಳಗಿನ ಬಸ್ಸು ಹಿಡಿದು ನಾನೂ ನನ್ನ ಹೆಂಡತಿ ಸುಮನಾಳೂ ಭಟ್ಕಳಕ್ಕೆ ಹೊರಟೆವು. ಅಲ್ಲಿ ವ್ಯಾಪಾರಸ್ಥರ ಹಳೆಯ ಮನೆಯೊಂದನ್ನು ಖಾಲಿ ಮಾಡುತ್ತಿದ್ದರು. ಆ ಮನೆಯ ಹಿರಿಯರು ಮುಂಬಯಿಯಿಂದ ತಂದಿದ್ದ ಎಣ್ಣೆಬಣ್ಣದ ಚಿತ್ರಗಳು ಅಂದು ಹರಾಜಿಗಿದ್ದವು. ನಮ್ಮ ಹೊಸ ಮನೆಯ ಗೋಡೆಗೆ ಒಂದು ಹಡಗಿನ ಚಿತ್ರ ಬೇಕೆಂಬುದು ನನ್ನ ಆಸೆ. ಹೊನ್ನಾವರ ಸುಮನಾಳ ತವರು. ಅಲ್ಲಿ ಬಸ್ಸು ನಿಂತಾಗ ಬನ್ಸ್, ಚಹಾ ಮುಗಿಸಿದೆವು. ಮುಂದೆ ಭಟ್ಕಳದವರೆಗೂ ಹೆದ್ದಾರಿಯ ಧೂಳು, ಬಿಸಿಲು.

ಭಟ್ಕಳದಲ್ಲಿ ಇಳಿದು, ಸುಮನಾ ಮೊದಲು ಒಂದು ಮೊಳ ಮಲ್ಲಿಗೆ ಕೊಂಡಳು. ಆಟೋದಲ್ಲಿ ಆ ಮನೆ ತಲುಪಿದಾಗ ಯಜಮಾನರಾದ ಇಕ್ಬಾಲ್ ಸಾಹೇಬರು ಬಾಗಿಲಲ್ಲೇ ಶರಬತ್ತು ಕೊಟ್ಟು ಒಳಗೆ ಕರೆದರು. ಎಪ್ಪತ್ತರ ಆಸುಪಾಸಿನವರು, ಇಲ್ಲಿನ ನವಾಯತ ಮುಸ್ಲಿಂ ಮನೆತನದವರು. ಅಣ್ಣತಮ್ಮಂದಿರೆಲ್ಲ ಸೇರಿ ಮನೆ ಮಾರಿದ್ದೇವೆ, ಇನ್ನು ನಾನು ಮಂಗಳೂರಿನಲ್ಲಿ ಮಗಳ ಜೊತೆ ಇರುವುದು ಎಂದರು.

ನಾನು ಕಣ್ಣಿಟ್ಟಿದ್ದ ಹಡಗು, ಬಿರುಗಾಳಿಯ ಸಮೇತ, ಗೋವಾದ ಹೋಟೆಲ್ ಮಾಲೀಕರೊಬ್ಬರ ಪಾಲಾಯಿತು. ಅವರ ಸವಾಲಿನ ಮುಂದೆ ನನ್ನದು ನಿಲ್ಲಲಿಲ್ಲ. ಹಿಮದ ಬೆಟ್ಟ, ಹಸಿರು ಕಣಿವೆಗಳೂ ಹೋದವು. ಕೊನೆಗೆ ಬಂದದ್ದು ಮೂಲೆ ಹರಿದ ಪುಟ್ಟದೊಂದು ಚಿತ್ರ. ಯಾರೂ ಸವಾಲು ಹಾಕಲಿಲ್ಲ. ಕಡಲಿಗೆ ಇಟ್ಟಿಗೆಯ ಬಣ್ಣ ಬಳಿದಿದ್ದಾರೆಂದು ಹಿಂದೆ ಕೂತಿದ್ದವರೊಬ್ಬರು ನಕ್ಕರು. ಸುಮನಾ ಕೈ ಎತ್ತಿದಳು. ನಾನು ತಡೆಯಹೋದೆ.

“ಮೊದ್ಲ ಮಳೆ ಬಿದ್ಮೇಲೆ ಹೊಳೆ ಕಡಲಿಗೆ ಸೇರೋ ಅಳಿವೆ ಬಾಯಲ್ಲಿ ನೀರು ಹೀಂಗೇ ಕೆಂಪಗೆ ಇರ್ತದೆ,” ಎಂದಳು. “ಇದು ನಮ್ಮ ಕಡಲು.”

ಚಿತ್ರ ನಮ್ಮದಾಯಿತು. ಇಕ್ಬಾಲ್ ಸಾಹೇಬರು ತಾವೇ ಅದನ್ನು ಎತ್ತಿಕೊಂಡು ಬಂದರು. ಕೊಡುವ ಮೊದಲು ಹರಿದ ಮೂಲೆಯನ್ನು ಬೆರಳಿನಿಂದ ನೇವರಿಸಿದರು.

“ಇದು ಮುಂಬಯಿದಲ್ಲ. ನಮ್ಮ ಅಜ್ಜಿ ಬರ್ದದ್ದು.”

ಅಜ್ಜಿ ಮನೆಯಿಂದ ಹೊರಗೆ ಹೋಗುತ್ತಿದ್ದುದೇ ಅಪರೂಪವಂತೆ. ಮಹಡಿಯ ಕಿಟಕಿಯಿಂದ ಕಂಡಷ್ಟು ಕಡಲನ್ನು ಅಲ್ಲೇ ಕೂತು ಬಿಡಿಸಿದ್ದರಂತೆ. ಯಾವುದನ್ನೂ ಯಾರೂ ಇಟ್ಟುಕೊಳ್ಳಬಾರದೆಂದು ಅಣ್ಣತಮ್ಮಂದಿರಲ್ಲಿ ಮಾತಾಗಿದ್ದರಿಂದ ಇದನ್ನೂ ಹರಾಜಿಗಿಡಬೇಕಾಯಿತಂತೆ.

ಸುಮನಾಳಿಗೆ ಕಣ್ಣು ತುಂಬಿತು. “ಹಂಗಾರೆ ನೀವೇ ಇಟ್ಕಣಿ, ಸಾಹೇಬ್ರೆ.”

ಅವರು ಚಿತ್ರವನ್ನು ಎದೆಗೊತ್ತಿಕೊಂಡರು. ಆಮೇಲೆ ಅವಳ ಕೈಗಿಟ್ಟರು. “ಬೇಡಮ್ಮ. ಅಜ್ಜಿ ಇದ್ದಾಗ್ಲೂ ಇದನ್ನ ಯಾರೂ ಕೇಳಿದ್ದಿಲ್ಲ. ನೀವು ಕೇಳಿದ್ರಿ.”

ಮಳೆಗಾಲ ಕಳೆದ ಮೇಲೆ ಕುಮಟಾಕ್ಕೆ ಬಂದು ಚಿತ್ರವನ್ನು ನೋಡಬಹುದೇ ಎಂದು ಕೇಳಿದರು. ಊಟಕ್ಕೇ ಬರಬೇಕೆಂದು ಸುಮನಾ ಮಾತು ತೆಗೆದುಕೊಂಡಳು. ಸಾಹೇಬರು ಅದನ್ನು ಹಳೆಯ ಹಾಸುಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ಆಟೋದವರೆಗೂ ತಂದುಕೊಟ್ಟರು.

ಆಟೋ ಹೊರಟಾಗ ತಿರುಗಿ ನೋಡಿದೆ. ಸಾಹೇಬರು ಬೀದಿಯ ನಡುವೆ ನಿಂತು ಮಹಡಿಯ ಕೊನೆಯ ಕಿಟಕಿಯತ್ತ ಬೆರಳು ಮಾಡಿ, ಅಜ್ಜಿ ಕೂರುತ್ತಿದ್ದ ಜಾಗವನ್ನು ನಮಗೆ ತೋರಿಸುತ್ತಿದ್ದರು.